ಬಾಣಂತನಕ್ಕೆ ಹೋಗಿ ಬಾವೊ ಕಲಿತದ್ದು

ನೈರೋಬಿಗೆ ನನ್ನ ಟಿಕೆಟ್ ಕೊಂಡಾಗ ಬಸುರಿ ಮಗಳು ಮೇಘನಾಗೆ ಆರು ತಿಂಗಳು ತುಂಬಿತ್ತು. ಹೆರಿಗೆಗೆ ಸ್ವಲ್ಪ ಮೊದಲೇ ಹೋಗಿ, ಬಾಣಂತನ ಮುಗಿಸಿಕೊಂಡು ಬರುವುದೆಂದು ಮಾತಾಗಿತ್ತು. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅಳಿಯ ಪ್ರವೀಣ ಫೋನ್ ಮಾಡಿ, ಮಗುವಿನ ಎದೆಬಡಿತ ಕೇಳಿಸುತ್ತಿಲ್ಲವಂತೆ ಎಂದ. ಮಾರನೆಯ ದಿನ ಹೆರಿಗೆಯಾಯಿತು. ಹೆಣ್ಣು ಮಗು. ಅದು ಅಳಲಿಲ್ಲ.

ಇನ್ನು ನಾನು ಹೋಗಿ ಮಾಡುವುದೇನು ಎಂದು ತಿಪಟೂರಿನ ನಮ್ಮ ಮನೆಯ ಅಡಿಗೆಮನೆಯಲ್ಲಿ ಕೂತುಬಿಟ್ಟಿದ್ದೆ. ಮಂಡಿನೋವಿನಿಂದ ಪ್ರಯಾಣ ಮಾಡಲಾಗದ ನನ್ನ ಯಜಮಾನರು ಬಾಗಿಲಲ್ಲಿ ನಿಂತು, “ಮಗು ಇಲ್ಲ ಅಂದ್ರೆ ಅವಳು ಬಾಣಂತಿ ಅಲ್ವಾ? ಹೊರಡು” ಎಂದರು. ಟಿಕೆಟ್ಟಿನ ತಾರೀಖನ್ನು ಮುಂಚಿನ ದಿನಕ್ಕೆ ಬದಲಾಯಿಸಿದ್ದೂ ಅವರೇ.

ಪೆಟ್ಟಿಗೆ ಆಗಲೇ ಅರ್ಧ ತುಂಬಿತ್ತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಮೇಡಂ ಆಗಿದ್ದವಳು; ಕುಲಾವಿಗಳನ್ನೂ, ಹಳೆಯ ಪಂಚೆ ಹರಿದು ಅಂಚು ಮಡಿಸಿದ ಬಟ್ಟೆಗಳನ್ನೂ ನಾನೇ ಹೊಲಿದಿದ್ದೆ. ಅವನ್ನೆಲ್ಲ ತೆಗೆದು ಬೀರುವಿನ ಮೇಲಿನ ಖಾನೆಗೆ ಸೇರಿಸಿದೆ. ಬಾಣಂತಿ ಖಾರ, ಅಂಟಿನುಂಡೆ, ಕೊಬ್ಬರಿ, ಹರಳೆಣ್ಣೆ ಹಾಗೇ ಉಳಿದವು. ಪೆಟ್ಟಿಗೆಯೊಳಗೆ ಖಾಲಿ ಜಾಗ ಬಿದ್ದು ಡಬ್ಬಗಳು ಅಲ್ಲಾಡುತ್ತಿದ್ದವು. ನನ್ನ ಎರಡು ಹಳೆಯ ಸೀರೆ ತುರುಕಿ ಮುಚ್ಚಿದೆ.

ಕೀನ್ಯಾಗೆ ಹೋಗಿಬರುವವರು ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಅದನ್ನು ಬೆಂಗಳೂರಿನಲ್ಲಿ ಮೊದಲೇ ಹಾಕಿಸಿಕೊಂಡಿದ್ದೆ. ಮುಂಬಯಿಯಲ್ಲಿ ವಿಮಾನ ಬದಲಾಯಿಸಿ, ಕಡಲ ಮೇಲೆ ಆರು ಗಂಟೆ ಹಾರಿ, ಮಧ್ಯಾಹ್ನ ನೈರೋಬಿಯಲ್ಲಿ ಇಳಿದೆ. ಗಡಿಯಾರವನ್ನು ಎರಡೂವರೆ ಗಂಟೆ ಹಿಂದಿಟ್ಟೆ. ಕೌಂಟರಿನಲ್ಲಿದ್ದ ಹೆಂಗಸು ಬಂದ ಕಾರಣ ಕೇಳಿದಳು. ತಿಂಗಳುಗಟ್ಟಲೆ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದ ಇಂಗ್ಲಿಷ್ ವಾಕ್ಯ ಬಾಯಿಂದ ತಾನಾಗಿ ಬಂದುಬಿಟ್ಟಿತು: ಮಗಳಿಗೆ ಹೆರಿಗೆ, ಮೊಮ್ಮಗುವನ್ನು ನೋಡಲು ಬಂದಿದ್ದೇನೆ. ಅವಳು ಮುಖವರಳಿಸಿ “ಹೊಂಗೆರಾ” ಎಂದು ಮುದ್ರೆ ಒತ್ತಿದಳು. ನಾನು ಥ್ಯಾಂಕ್ಸ್ ಹೇಳಿ ಈಚೆ ಬಂದೆ. ಆ ಮಾತಿಗೆ ಶುಭಾಶಯ ಎಂದು ಅರ್ಥವೆಂದು ಕಾರಿನಲ್ಲಿ ಪ್ರವೀಣ ಹೇಳಿದ. ಹೇಳಿ, ಯಾರು ಅಂದರು ಎಂದು ಕೇಳಿದ. ನಾನು ಕಿಟಕಿಯಾಚೆ ನೋಡಿದೆ.

ಆಫ್ರಿಕಾ ಎಂದರೆ ಸುಡುಬಿಸಿಲು ಎಂದುಕೊಂಡವಳಿಗೆ ಜುಲೈನ ನೈರೋಬಿ ಸ್ವೆಟರ್ ತೊಡಿಸಿತು. ಆಕಾಶ ಬೂದಿ ಬಣ್ಣಕ್ಕಿತ್ತು. ದೊಡ್ಡ ರಸ್ತೆಯ ಪಕ್ಕದ ಜಾಲಿಮರಗಳ ನೆತ್ತಿಯ ಮೇಲೆ ಆಳೆತ್ತರದ ಬೋಳುತಲೆಯ ಕೊಕ್ಕರೆಗಳು ಕೂತಿದ್ದವು. ಬಣ್ಣಬಣ್ಣದ ಚಿತ್ರ ಬಳಿದ ಮಟಾಟು ವ್ಯಾನುಗಳು ಹಾಡು ಹಾಕಿಕೊಂಡು ನಮ್ಮನ್ನು ಸವರಿಕೊಂಡೇ ಹೋಗುತ್ತಿದ್ದವು. ಪ್ರವೀಣ ಔಷಧಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಮೇಘನಾಳೂ ಎಂಜಿನಿಯರೇ, ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವ ಒಂದು ಸಂಸ್ಥೆಯಲ್ಲಿದ್ದಾಳೆ. ಮನೆ ಕಿಲೆಲೆಶ್ವಾದಲ್ಲಿ, ನಾಲ್ಕನೇ ಮಹಡಿ.

ಬಾಗಿಲು ತೆಗೆದವಳು ಮೇಘನಾಳೇ. “ಬಂದ್ಯಾಮ್ಮ? ಫ್ಲೈಟಲ್ಲಿ ಊಟ ಕೊಟ್ರಾ?” ಎಂದು ನೆಂಟರನ್ನು ವಿಚಾರಿಸುವ ಹಾಗೆ ಕೇಳಿದಳು. ನಾನು ಅಪ್ಪಿಕೊಂಡಾಗ ನಿಂತೇ ಇದ್ದಳು. ಹೊಟ್ಟೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಆಮೇಲೆ ತನ್ನ ಕೋಣೆಗೆ ಹೋಗಿ ಮಲಗಿದಳು.

ನನಗೆ ಗೊತ್ತಿದ್ದದ್ದು ಬಾಣಂತನ ಒಂದೇ. ಅದನ್ನೇ ಶುರುಮಾಡಿದೆ. ಷವರಿನ ನೀರು ಬಾಣಂತಿಗೆ ಸಾಲದೆಂದು ಅಂಗಡಿಯಿಂದ ದೊಡ್ಡ ಬಕೆಟ್ಟು ತರಿಸಿ, ಒಲೆಯ ಮೇಲೆ ನೀರು ಕಾಯಿಸಿ, ಎಣ್ಣೆ ಹಚ್ಚಿ ಎರೆದೆ. ತಲೆಗೆ ಬಟ್ಟೆ ಕಟ್ಟಿದೆ. ಸಾರಿಗೆ ಬಾಣಂತಿ ಖಾರ ಹಾಕಿ ಬಿಸಿ ಅನ್ನ ಕಲಸಿಕೊಟ್ಟೆ. ಕೊಟ್ಟದ್ದನ್ನು ತಿಂದಳು, ಹೇಳಿದ್ದಕ್ಕೆ ತಲೆಯಾಡಿಸಿದಳು. ಹಾಲು ಇನ್ನೂ ಹಿಂಗಿರಲಿಲ್ಲ. ಎದೆಗೆ ಮಲ್ಲಿಗೆ ಹೂ ಕಟ್ಟಿದರೆ ಹಿಂಗುತ್ತದೆಂದು ನಮ್ಮ ಕಡೆ ಮಾಡುತ್ತಾರಲ್ಲ, ಅದನ್ನು ಪ್ರವೀಣನಿಗೆ ಹೇಳಲು ನನಗೆ ಸಂಕೋಚವಾಯಿತು. ಹೇಳಿದ ಮೇಲೆ ಅವನು ಎದ್ದುಹೋಗಿ, ಊರೆಲ್ಲ ತಿರುಗಿ, ಗುಜರಾತಿಗಳ ದೇವಸ್ಥಾನದ ಬಳಿ ಸಿಕ್ಕ ಒಂದು ಮೊಳ ಹೂವು ತಂದುಕೊಟ್ಟ.

ನೋಡಲು ಬಂದವರೆಲ್ಲ ಒಳ್ಳೆಯವರೇ. ಅಲ್ಲಿನವರು “ಪೋಲೆ ಸಾನಾ” ಎನ್ನುತ್ತಿದ್ದರು. ನಿಮ್ಮ ದುಃಖ ನಮ್ಮದೂ ಎಂಬಂಥ ಮಾತು. ನಮ್ಮ ಕನ್ನಡದವರು ಇನ್ನೂ ವಯಸ್ಸಿದೆ, ಮತ್ತೆ ಆಗುತ್ತೆ ಎನ್ನುತ್ತಿದ್ದರು. ಎಲ್ಲರಿಗೂ ಮೇಘನಾ ಕಾಫಿ ಬೇಕಾ ಎಂದು ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಬಿಸಿಲು ಬಿದ್ದಿತೆಂದು ತಲೆಬಟ್ಟೆಗಳನ್ನು ಒಣಹಾಕಲು ಕೆಳಗಿನ ಅಂಗಳಕ್ಕೆ ಇಳಿದೆ. ಅಲ್ಲಿ ಜಕರಂಡಾ ಮರದ ಕೆಳಗೆ ಬಿಳಿಗೂದಲಿನ ಸಣಕಲು ಹೆಂಗಸೊಬ್ಬರು ಕೂತು, ಗುಳಿ ತೋಡಿದ ಮರದ ಮಣೆಯೊಂದರಲ್ಲಿ ಕಾಯಿ ಬಿಡುತ್ತಿದ್ದರು. ಎದುರಿಗೆ ಯಾರೂ ಇಲ್ಲ. ಈ ಕಡೆ ಆಡಿ, ಎದ್ದು ಆ ಕಡೆಯ ಸ್ಟೂಲಿನ ಮೇಲೆ ಕೂತು ಅಲ್ಲಿಂದಲೂ ಆಡುತ್ತಿದ್ದರು. ಕಾಯಿಗಳನ್ನು ನೋಡಿ ಬಟ್ಟೆ ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಅವು ಗಜ್ಜುಗ. ಬೂದು ಬಣ್ಣದ, ನುಣುಪಾದ, ನಮ್ಮ ಬೇಲಿಸಾಲಿನ ಗಜ್ಜುಗವೇ.

ನನ್ನ ಮುರುಕು ಇಂಗ್ಲಿಷಿನಲ್ಲಿ ನಮ್ಮೂರಲ್ಲೂ ಇಂಥ ಮಣೆ ಇದೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಾಗಾದರೆ ಕೂತುಕೊಳ್ಳಿ” ಎಂದರು.

ಅವರ ಹೆಸರು ಜುಹೂರಾ. ಅಲ್ಲಿ ಹಿರಿಯ ಹೆಂಗಸರನ್ನು ಮರ್ಯಾದೆಯಿಂದ ಬಿ ಎಂದು ಸೇರಿಸಿ ಕರೆಯುತ್ತಾರೆ. ಎಲ್ಲರಿಗೂ ಅವರು ಬಿ ಜುಹೂರಾ. ಹುಟ್ಟಿದ್ದು ಲಾಮು ಎಂಬ ಕಡಲ ದ್ವೀಪದಲ್ಲಿ. ನೈರೋಬಿಯ ನ್ಯಾಯಾಲಯದಲ್ಲಿ ದುಭಾಷಿಯಾಗಿದ್ದು ನಿವೃತ್ತರಾದವರು, ನೆಲಮಹಡಿಯಲ್ಲಿ ಒಬ್ಬರೇ ಇದ್ದರು. ಊರಿನಲ್ಲಿ ಈ ಆಟ ಗಂಡಸರದ್ದು. ಗಂಡುಮಕ್ಕಳಿಲ್ಲದ ಅಪ್ಪ ಮಗಳನ್ನೇ ಎದುರು ಕೂರಿಸಿಕೊಂಡು ಕಲಿಸಿದ್ದರಂತೆ. ಜೊತೆಗೆ ಆಡುತ್ತಿದ್ದ ನೆರೆಯವರೊಬ್ಬರು ಮಗನ ಮನೆಗೆಂದು ಮೊಂಬಾಸಾಗೆ ಹೋದ ಮೇಲೆ ಇವರಿಗೆ ಆಟಕ್ಕೆ ಜೊತೆ ಸಿಕ್ಕಿರಲಿಲ್ಲ. ನನ್ನ ಮಗಳ ಹೆಸರು ಕೇಳಿ ತಿಳಿದುಕೊಂಡು, ನನ್ನನ್ನು ಮಾಮಾ ಮೇಘನಾ ಎಂದು ಕರೆಯತೊಡಗಿದರು. ಮಾಮಾ ಎಂದರೆ ಅಲ್ಲಿ ಅಮ್ಮ; ಮಕ್ಕಳಾದ ಹೆಂಗಸನ್ನು ಚೊಚ್ಚಲ ಮಗುವಿನ ಹೆಸರಿನಿಂದ ಕರೆಯುವುದು ಅಲ್ಲಿನ ರೂಢಿ. ಮೇಲೆ ಏನಾಗಿದೆಯೆಂದು ಅವರಿಗೆ ಗೊತ್ತಿತ್ತು. ಒಂದು ಸಲ ಪೋಲೆ ಎಂದರು, ಮತ್ತೆ ಆ ಮಾತೆತ್ತಲಿಲ್ಲ.

ಆಟದ ಹೆಸರು ಬಾವೊ. ಹಲಗೆ ಎಂದೇ ಅರ್ಥವಂತೆ. ನಮ್ಮ ಅಳಗುಳಿಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು. ಇದರಲ್ಲಿ ಎಂಟೆಂಟು ಗುಳಿಗಳ ನಾಲ್ಕು ಸಾಲು. ಈಚೆಯ ಎರಡು ಸಾಲು ನನ್ನವು, ಆಚೆಯ ಎರಡು ಅವರವು. ದೊಡ್ಡವರ ಆಟ ಬಹಳ ಜಟಿಲವೆಂದು ನನಗೆ ಕಲಿಯುವವರ ಆಟ ಹೇಳಿಕೊಟ್ಟರು. ಗುಳಿಗೆ ಎರಡೆರಡು ಕಾಯಿ ಹಾಕಿ ಶುರು. ಒಂದು ಗುಳಿಯ ಕಾಯಿಗಳನ್ನು ಎತ್ತಿಕೊಂಡು ಎಡಕ್ಕೋ ಬಲಕ್ಕೋ ಒಂದೊಂದಾಗಿ ಬಿಡುತ್ತ, ನಮ್ಮ ಎರಡು ಸಾಲಿನಲ್ಲೇ ಸುತ್ತು ಬರಬೇಕು. ಕೊನೆಯ ಕಾಯಿ ಒಳಸಾಲಿನಲ್ಲಿ ಕಾಯಿರುವ ಗುಳಿಗೆ ಬಿದ್ದು, ನೇರ ಎದುರಿನ ಅವರ ಗುಳಿಯಲ್ಲೂ ಕಾಯಿದ್ದರೆ ಅವನ್ನು ತಿನ್ನಬೇಕು. ತಿನ್ನುವ ದಾರಿ ಇದ್ದಾಗ ಬೇರೆ ಆಟ ಆಡುವಂತಿಲ್ಲ. ಒಳಸಾಲು ಬರಿದಾದವರು ಸೋತಂತೆ. ಕೊನೆಯ ಕಾಯಿ ಖಾಲಿ ಗುಳಿಗೆ ಬಿದ್ದರೆ ಸರದಿ ಮುಗಿಯಿತು. ಆಗೆಲ್ಲ ಅವರು “ಲಾಲ” ಎನ್ನುತ್ತಿದ್ದರು. ಔಟು ಎನ್ನುವ ಹಾಗೆ ಏನೋ ಒಂದು ಮಾತು ಎಂದುಕೊಂಡಿದ್ದೆ.

ನನಗೆ ತಲೆಗೆ ಹೋಗದಿದ್ದದ್ದು ಒಂದೇ. ನಮ್ಮಲ್ಲಿ ಗೆದ್ದ ಕಾಯಿ ಗೆದ್ದವರ ಮಡಿಲಿಗೆ. ಇಲ್ಲಿ ತಿಂದ ಕಾಯಿಗಳನ್ನು ನಮ್ಮ ಸಾಲಿನ ತುದಿಯಿಂದ ಮತ್ತೆ ಬಿಡಬೇಕು. ಅಷ್ಟೂ ಕಾಯಿ ಕೊನೆಯವರೆಗೂ ಮಣೆಯ ಮೇಲೇ ಇರಬೇಕು. ನನ್ನ ಕೈ ಹಳೆಯ ಅಭ್ಯಾಸದಿಂದ ಮಡಿಲಿಗೇ ಹೋಗುತ್ತಿತ್ತು. ನಾಲ್ಕೈದು ದಿನ ಆಡಿದ ಮೇಲೊಂದು ಮಧ್ಯಾಹ್ನ ಮಣೆಯಲ್ಲಿ ಕಾಯಿ ಕಡಿಮೆ ಎಂದು ಬಿ ಜುಹೂರಾ ಮೇಜಿನ ಕೆಳಗೆಲ್ಲ ಬಗ್ಗಿ ಹುಡುಕಿದರು. ನಾನೂ ಹುಡುಕಲು ಎದ್ದೆ. ಸೆರಗಿನಿಂದ ಗಜ್ಜುಗಗಳು ಕಲ್ಲುಹಾಸಿನ ಮೇಲೆ ಪಟಪಟ ಉದುರಿದವು. ಇಷ್ಟು ವರ್ಷ ಕಳ್ಳರ ಮಾತು ಅನುವಾದಿಸಿದ್ದೇನೆ, ಇಂಥ ಕಳ್ಳಿಯನ್ನು ಕಂಡಿರಲಿಲ್ಲ ಎಂದರು ಅವರು. ನಗು ತಡೆಯಲಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಸಂಜೆ ಊಟದ ತಟ್ಟೆಯ ಮುಂದೆ ಮೇಘನಾ ಹೇಳಿದಳು: “ನಿನ್ನ ನಗು ನಾಲ್ಕನೇ ಮಹಡಿವರೆಗೂ ಕೇಳಿಸ್ತಮ್ಮ.”

ದನಿಯಲ್ಲಿ ಸಿಟ್ಟಿರಲಿಲ್ಲ. ಮಾರನೆಯ ದಿನದಿಂದ ನಾನು ಕೆಳಗಿಳಿಯಲಿಲ್ಲ. ತಲೆಬಟ್ಟೆಗಳನ್ನು ಬಾಲ್ಕನಿಯಲ್ಲೇ ಒಣಹಾಕಿದೆ.

ಆ ಶನಿವಾರ ಪ್ರವೀಣನ ಜೊತೆ ತರಕಾರಿಗೆ ಹೋದೆ. ಬೆಣ್ಣೆಯಂಥ ಅವಕಾಡೊ, ಊರಿನ ತೊಗರಿಕಾಯಿ, ದಂಟಿನ ಸೊಪ್ಪು ಎಲ್ಲ ಸಿಗುತ್ತವೆ. ಅಲ್ಲಿನವರು ದಿನವೂ ತಿನ್ನುವ ಸುಕುಮಾ ಎಂಬ ಸೊಪ್ಪಿನಲ್ಲಿ ನಾನು ಬಸ್ಸಾರು ಮಾಡಿ ನೋಡಿದ್ದೆ, ಪರವಾಗಿರಲಿಲ್ಲ. ಚೀಲಗಳನ್ನು ಹಿಂದಿನ ಸೀಟಿಗೆ ಹಾಕಿದ ಮೇಲೂ ಅವನು ಕಾರು ಹೊರಡಿಸಲಿಲ್ಲ. ಮಗುವನ್ನು ಮಣ್ಣು ಮಾಡಿದ ದಿನ ಕಾರ್ಖಾನೆಯ ಇಬ್ಬರು ಜೊತೆಗೆ ಬಂದಿದ್ದರೆಂದೂ, ಆದರೆ ಆಸ್ಪತ್ರೆಯಿಂದ ಅಲ್ಲಿಯವರೆಗೆ ತಾನು ಯಾರ ಕೈಗೂ ಕೊಡಲಿಲ್ಲವೆಂದೂ ಹೇಳಿದ. “ಅವಳು ಜಾಗ ಎಲ್ಲಿ ಅಂತ ಕೇಳಿಲ್ಲ ಅತ್ತೆ. ನಾನಾಗಿ ಹೇಳೋಕೆ ನಂಗೆ ಧೈರ್ಯ ಬರ್ತಿಲ್ಲ” ಎಂದ. ನಾನು ಅವನ ಬೆನ್ನಿನ ಮೇಲೆ ಕೈಯಿಟ್ಟೆ. ಅವನು ಕಾರು ಹೊರಡಿಸಿದ.

ಸೋಮವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಬಿ ಜುಹೂರಾ, ಕಂಕುಳಲ್ಲಿ ಮಣೆ. ಲಿಫ್ಟು ಕೆಟ್ಟಿದ್ದರಿಂದ ನಾಲ್ಕು ಮಹಡಿ ಹತ್ತಿ ಬಂದಿದ್ದರು, ಉಸಿರು ಹಿಡಿಯಲು ಗೋಡೆಗೊರಗಿ ನಿಂತರು. ಆಮೇಲೆ ನನ್ನನ್ನು ದಾಟಿ ಒಳಗೆ ಹೋಗಿ, ಸೋಫಾದಲ್ಲಿದ್ದ ಮೇಘನಾಳ ಮುಂದೆ ಮಣೆ ಇಟ್ಟು ಹೇಳಿದರು: “ನಿನ್ನ ತಾಯಿ ಆಡುವುದು ಚೆನ್ನಾಗಿಲ್ಲ. ಕದಿಯುತ್ತಾರೆ. ನೀನು ಎಂಜಿನಿಯರಂತೆ, ನಿನಗೆ ಲೆಕ್ಕ ಬರಬೇಕು.”

ಮೇಘನಾ ಅವರಿಗೂ ಕಾಫಿ ಬೇಕಾ ಎಂದು ಕೇಳಿದಳು. ಬೇಡ, ಕಾಯಿ ಎತ್ತು ಎಂದರು. ಹಿರಿಯರು ಹತ್ತಿ ಬಂದಿದ್ದಾರೆಂಬ ದಾಕ್ಷಿಣ್ಯಕ್ಕೋ ಏನೋ ಅವಳು ಎತ್ತಿದಳು. ನಾಲ್ಕು ಸರದಿಯೊಳಗೆ ಅವಳಿಗೆ ಆಟ ಹಿಡಿಯಿತು. ನಾನು ಬೆರಳು ಮಡಿಸಿ ಎಣಿಸುವುದನ್ನು ಅವಳು ಕಣ್ಣಲ್ಲೇ ಎಣಿಸುತ್ತಿದ್ದಳು. ಒಂದು ಸಲ ಬಿ ಜುಹೂರಾರ ನಾಲ್ಕು ಕಾಯಿ ತಿಂದು, ಅವನ್ನು ತುದಿಯಿಂದ ಬಿಡುತ್ತ ಬಂದಳು. ಕೊನೆಯದು ಖಾಲಿ ಗುಳಿಗೆ ಬಿತ್ತು.

“ಲಾಲ” ಎಂದರು ಬಿ ಜುಹೂರಾ.

ಮೇಘನಾಳ ಕೈ ಗುಳಿಯ ಮೇಲೆ ನಿಂತುಬಿಟ್ಟಿತು. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಾನೇನು ತಪ್ಪು ಆಡಿದೆನೆಂದು ಬಿ ಜುಹೂರಾ ನನ್ನನ್ನು ಕೇಳಿದರು. ನನಗೂ ತಿಳಿಯದೆ, ಆ ಮಾತಿಗೆ ಅರ್ಥವೇನೆಂದು ಅವರನ್ನೇ ಕೇಳಿದೆ. ಮಲಗು ಎಂದರ್ಥ, ಖಾಲಿ ಗುಳಿಗೆ ಬಿದ್ದ ಕಾಯಿ ಮಲಗಿತು ಎನ್ನುತ್ತಾರೆ, ಅಷ್ಟೇ ಎಂದರು. ಮಣೆಯನ್ನು ಅಲ್ಲೇ ಬಿಟ್ಟು, ಕಂಬಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲಿಳಿದರು.

ನಾನು ಕೋಣೆಯೊಳಗೆ ಹೋಗಿ ಮಂಚದ ತುದಿಯಲ್ಲಿ ಕೂತೆ. ಮೇಘನಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹಾಗೇ ಮಲಗಿಕೊಂಡೇ ಮಾತಾಡಿದಳು.

“ನರ್ಸು ಅವಳನ್ನ ಸುತ್ತಿ ತಂದು ನನ್ನ ಕೈಗೆ ಕೊಟ್ಟು, ಅಮೆಲಾಲ ಅಂದ್ರಮ್ಮ. ಮಲಗಿದಾಳೆ ಅಂತ. ನಾನು ಒಂದು ಕ್ಷಣ ನಿಜ ಅಂದ್ಕೊಂಡ್ಬಿಟ್ಟೆ.”

ಫೋನ್ ಬಂದ ದಿನದಿಂದ ನನ್ನೊಳಗೇ ಇದ್ದು, ಕೇಳಬಾರದೆಂದು ತಡೆದಿಟ್ಟುಕೊಂಡಿದ್ದ ಮಾತು ಹೊರಬಂತು. “ಹೆಂಗಿದ್ಲು ಮಗಳೇ?”

ಅವಳು ನನ್ನ ಕಡೆ ತಿರುಗಿದಳು. “ಯಾರೂ ಕೇಳ್ಲೇ ಇಲ್ಲಮ್ಮ ಇದನ್ನ” ಎಂದಳು. ಆಮೇಲೆ ಹೇಳುತ್ತ ಹೋದಳು. ತಲೆತುಂಬ ಕೂದಲಿತ್ತಂತೆ, ಒದ್ದೆಯಾಗಿ ಹಣೆಗೆ ಅಂಟಿಕೊಂಡಿತ್ತಂತೆ. ಮೂಗು ಪ್ರವೀಣನದು. ಕಾಲಿನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ, ನನ್ನ ಕಾಲಿನಲ್ಲಿರುವ ಹಾಗೆ. ಮೈ ಇನ್ನೂ ಬೆಚ್ಚಗಿತ್ತು, ಅದು ನನ್ನದೇ ಬಿಸಿ ಅಮ್ಮ ಎಂದಳು. ಅಷ್ಟು ಹೇಳಿ ಅತ್ತಳು. ನಾನು ಬಂದ ಮೇಲೆ ಅವಳು ಅತ್ತದ್ದು ಅದೇ ಮೊದಲು. ನಾನೂ ಅತ್ತೆ. ಕಿಟಕಿಯ ಬಿಸಿಲು ಮಂಚದಿಂದ ಇಳಿದು ಗೋಡೆಗೆ ಹೋಗುವವರೆಗೂ ಹಾಗೇ ಇದ್ದೆವು.

ಮಾರನೆಯ ದಿನ ಮಣೆಯನ್ನು ಹಿಂದಿರುಗಿಸಲು ನಾವಿಬ್ಬರೂ ಇಳಿದೆವು. ಬಿ ಜುಹೂರಾ ಮರದ ಕೆಳಗೆ ಸುಮ್ಮನೆ ಕೂತಿದ್ದರು. ಇನ್ನು ಮೇಲೆ ತಾನು ಆ ಮಾತು ಬಳಸುವುದಿಲ್ಲ, ಬೇರೆ ಏನಾದರೂ ಅನ್ನುತ್ತೇನೆ ಎಂದರು. ಮೇಘನಾ ಬೇಡವೆಂದಳು, ಆಟದ ಮಾತು ಹೇಗಿದೆಯೋ ಹಾಗೇ ಇರಲಿ. ನರ್ಸಮ್ಮ ಹೇಳಿದ್ದನ್ನೂ ಅವರಿಗೆ ಹೇಳಿದಳು. ಅವರು ಕೇಳಿಸಿಕೊಂಡು, ಗುಳಿಗಳಿಗೆ ಎರಡೆರಡು ಕಾಯಿ ತುಂಬುತ್ತ, ಮಗುವಿಗೆ ಏನು ಹೆಸರಿಟ್ಟಿದ್ದೆ ಎಂದು ಕೇಳಿದರು.

ಮೇಘನಾ ನನ್ನ ಮುಖ ನೋಡಿದಳು. ಹೆಸರೊಂದು ಇತ್ತೆಂದೇ ನನಗೆ ಗೊತ್ತಿರಲಿಲ್ಲ. “ಇಳಾ” ಎಂದಳು.

ಬಿ ಜುಹೂರಾ ಕೊನೆಯ ಗುಳಿಯನ್ನು ತುಂಬಿ ಕೈ ಒರೆಸಿಕೊಂಡರು. “ಆಡು, ಮಾಮಾ ಇಳಾ” ಎಂದರು.

ಅಂದಿನಿಂದ ಅವರು ಅವಳನ್ನು ಬೇರೆ ಹೆಸರಿನಿಂದ ಕರೆದದ್ದನ್ನು ನಾನು ಕೇಳಲಿಲ್ಲ. ಮೊದಲ ಸಲ ಅವಳು ತಲೆ ತಗ್ಗಿಸಿದ್ದಳು. ಆಮೇಲಾಮೇಲೆ ಓಗೊಡುತ್ತಿದ್ದಳು.

ಉಳಿದ ವಾರಗಳಲ್ಲಿ ಅವಳು ದೊಡ್ಡವರ ಆಟಕ್ಕೆ ಹೋದಳು, ನಾನು ಕಲಿಯುವವರ ಆಟದಲ್ಲೇ ಉಳಿದೆ. ದೊಡ್ಡವರ ಆಟದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಯಿಗಳನ್ನು ಕೈಯಲ್ಲಿಟ್ಟುಕೊಂಡು ಸರದಿಗೊಂದರಂತೆ ಮಣೆಗೆ ಇಳಿಸುತ್ತಾರೆ. ಒಳಸಾಲಿನಲ್ಲಿ ಚೌಕಾಕಾರದ ಒಂದು ಗುಳಿಗೆ ನ್ಯುಂಬಾ, ಅಂದರೆ ಮನೆ ಎಂದು ಹೆಸರು. ಅದನ್ನು ಯಾವಾಗ ಕಾಯಬೇಕು, ಯಾವಾಗ ಒಡೆಯಬೇಕು ಎಂಬುದರಲ್ಲೇ ಆಟವೆಲ್ಲ ಇದೆಯಂತೆ. ಮೇಘನಾ ಒಂದು ದಿನ ಗೆಲ್ಲುವ ಹಂತಕ್ಕೆ ಬಂದಿದ್ದಳು. ಬಿ ಜುಹೂರಾ ಅವತ್ತು ಯಾರೊಂದಿಗೂ ಮಾತಾಡದೆ ಮಣೆ ಎತ್ತಿಕೊಂಡು ಒಳಗೆ ಹೋದರು.

ನನಗೊಂದು ಮಣೆ ಕೊಳ್ಳಲು ಮೇಘನಾಳೇ ಪೇಟೆಗೆ ಕರೆದುಕೊಂಡು ಹೋದಳು. ಆಸ್ಪತ್ರೆ ಬಿಟ್ಟರೆ ಅವಳು ಗೇಟು ದಾಟಿದ್ದು ಅದೇ ಮೊದಲು. ಮಟಾಟುವಿನಲ್ಲಿ ತಲೆಗೆ ಐವತ್ತು ಶಿಲಿಂಗ್. ನಮ್ಮ ಎದುರು ಸೀಟಿನ ಹೆಂಗಸು ಬೆನ್ನಿಗೆ ಮಗು ಕಟ್ಟಿಕೊಂಡಿದ್ದಳು. ನಾನು ಮೇಘನಾಳ ಕೈ ಹಿಡಿಯಲು ಹೋದೆ. ಅವಳು ಕೈ ಕೊಟ್ಟಳು, ಆದರೆ ಕಣ್ಣು ಆ ಮಗುವಿನ ಮೇಲೇ ಇತ್ತು, ತೆಗೆಯಲಿಲ್ಲ. ಪೇಟೆಯಲ್ಲಿ ಪ್ರವಾಸಿಗರಿಗೆಂದು ಜಿರಾಫೆ ಕೆತ್ತಿದ ಎರಡು ಸಾಲಿನ ಮಣೆಗಳೇ ಇದ್ದವು. ನಾಲ್ಕು ಸಾಲಿನದು ಸಿಗಲಿಲ್ಲ. ಹುರಿದ ಮೆಕ್ಕೆಜೋಳ ತಿಂದು ವಾಪಸಾದೆವು.

ನಾನು ಹೊರಡುವ ಹಿಂದಿನ ದಿನ ಊಟ ಬಡಿಸುವಾಗ ಮೇಘನಾ ತಲೆಯೆತ್ತದೆ, ನಾಳೆ ಏರ್‌ಪೋರ್ಟಿಗೆ ಹೋಗುತ್ತ ಅಲ್ಲಿಗೂ ಹೋಗೋಣ ಎಂದಳು. ಎಲ್ಲಿಗೆ ಎಂದು ನಾವಿಬ್ಬರೂ ಕೇಳಲಿಲ್ಲ. ಪ್ರವೀಣ ಸಾರಿನ ಪಾತ್ರೆಯನ್ನು ಹಿಡಿದುಕೊಂಡೇ ಇದ್ದ.

ನಮ್ಮ ಕಡೆ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ನಾನು ಹೋದೆ. ಹಿಂದೂ ಸ್ಮಶಾನದ ಹಿಂಭಾಗದಲ್ಲಿ, ಗೋಡೆಯ ಬದಿಗೆ, ಎಳೆಯ ಮಕ್ಕಳನ್ನು ಹೂಳುವ ಜಾಗವಿದೆ. ಹುಲ್ಲು ಕತ್ತರಿಸಿ ಚೊಕ್ಕಟವಾಗಿಟ್ಟಿದ್ದರು. ಹಿಂದಿನ ರಾತ್ರಿಯ ತುಂತುರಿಗೆ ನೆಲ ಮೆತ್ತಗಿತ್ತು. ಪ್ರವೀಣ ಮುಂದೆ ನಡೆದು ಒಂದು ಸಣ್ಣ ದಿಣ್ಣೆಯ ಪಕ್ಕ ನಿಂತ. ಕಲ್ಲಿಲ್ಲ, ಹೆಸರಿಲ್ಲ. ಅವನಿಗೆ ಹುಡುಕಬೇಕಾಗಲಿಲ್ಲ, ದಾರಿ ಗೊತ್ತಿದ್ದ ರೀತಿ ನೋಡಿದರೆ ಅವನು ಎಷ್ಟೋ ಸಲ ಒಬ್ಬನೇ ಬಂದುಹೋಗಿದ್ದನೆಂದು ನನಗನ್ನಿಸಿತು.

ಮೇಘನಾ ಚಪ್ಪಲಿ ಬಿಟ್ಟು ಅಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಸುತ್ತ ನೋಡಿದಳು. ಆಮೇಲೆ ಗಂಡನನ್ನು ಕೇಳಿದಳು.

“ತಲೆ ಯಾವ ಕಡೆ ಇದೆ ಪ್ರವೀಣ್?”

ಅವನು ಮಂಡಿಯೂರಿ ಗೋಡೆಯ ಕಡೆಯ ತುದಿಯನ್ನು ಮುಟ್ಟಿ ತೋರಿಸಿದ. ಅವಳು ಅಲ್ಲಿ ಅಂಗೈ ಇಟ್ಟು, ಒದ್ದೆ ಹುಲ್ಲನ್ನು ಹಣೆಯಿಂದ ಹಿಂದಕ್ಕೆ ನೇವರಿಸಿದಂತೆ ನೇವರಿಸಿದಳು. ಮತ್ತೆ ಮತ್ತೆ ನೇವರಿಸಿದಳು. ಪ್ರವೀಣ ಮುಖ ಮುಚ್ಚಿಕೊಂಡು ಅತ್ತ. ಇಷ್ಟು ದಿನ ನನ್ನೆದುರು ಅವನು ಅತ್ತಿರಲಿಲ್ಲ. ಅವಳು ಇನ್ನೊಂದು ಕೈಯಿಂದ ಅವನ ತೋಳು ಹಿಡಿದುಕೊಂಡಳು. ನಾನು ದೂರ ಸರಿದು ಗೋಡೆಯ ಬಳಿ ನಿಂತೆ.

ವಿಮಾನ ನಿಲ್ದಾಣದಲ್ಲಿ ಹೆಚ್ಚು ಹೊತ್ತಿರಲಿಲ್ಲ. ಟ್ರಾಲಿ ತಳ್ಳಿಕೊಂಡು ಒಳಬಾಗಿಲು ದಾಟಿ ತಿರುಗಿ ನೋಡಿದೆ. ಗಾಜಿನಾಚೆ ಇಬ್ಬರೂ ನಿಂತಿದ್ದರು. ಚಳಿಗೆ ನಾನು ಕಟ್ಟಿದ್ದ ತಲೆಬಟ್ಟೆ ಅವಳ ತಲೆಯಲ್ಲಿ ಹಾಗೇ ಇತ್ತು. ಅವಳ ಬಲ ಅಂಗೈಗೆ ಇನ್ನೂ ಮಣ್ಣು ಅಂಟಿತ್ತು. ನನ್ನ ಕಡೆ ಆಡಿಸಿದ್ದು ಎಡಗೈ.